ಕ್ಯಾಮರಾ ಶಿಲ್ಪಿ ವಿಕ್ಟರ್ ಹ್ಯಾಸೆಲ್‌ಬ್ಲಾಡ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿಕೊಂಡಾಗ, ನಾನು ಸರ್ ಎಂ. ವಿಶ್ವೇಶ್ವರಯ್ಯನವರನ್ನೋ, 1895ರಲ್ಲಿ ಪೆರಿಯಾರ್ ಅಣೆಕಟ್ಟನ್ನು ಪೂರ್ಣಗೊಳಿಸಿ ನಮ್ಮ ಕಂಬಂ ಕಣಿವೆಯ ಗದ್ದೆಗಳಿಗೆ ನೀರು ತಂದ ಕರ್ನಲ್ ಪೆನ್ನಿಕ್ವಿಕ್ ಅವರನ್ನೋ ಆರಿಸಿಕೊಳ್ಳುವೆನೆಂದು ಅವರು ಭಾವಿಸಿದ್ದಿರಬೇಕು. ಇಬ್ಬರೂ ಪ್ರಾತಃಸ್ಮರಣೀಯರೇ. ಆದರೆ ನಾನು ಆರಿಸಿಕೊಂಡದ್ದು ಸ್ವೀಡನ್ ದೇಶದ ಒಬ್ಬ ಕ್ಯಾಮರಾ ತಯಾರಕರನ್ನು. ಹಾಗೇಕೆಂದು ಓದುಗರು ಕೇಳುವುದು ಸಹಜ. ಕಾರಣವೊಂದಿದೆ, ಅದು ನನ್ನದೇ ಒಂದು ಹಳೆಯ ತಪ್ಪಿಗೆ ಸಂಬಂಧಿಸಿದ್ದು. ಅದನ್ನು ಲೇಖನದ ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ. ಮೊದಲು ಮಹನೀಯರ ಕಥೆ.

ಮನೆತನ ಮತ್ತು ಬಾಲ್ಯ

ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಅವರು 1906ನೆಯ ಇಸವಿ ಮಾರ್ಚ್ 8ರಂದು ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು ನಗರವಾದ ಗೋಥೆನ್‌ಬರ್ಗ್‌ನಲ್ಲಿ ಜನಿಸಿದರು. ಅವರದು ವರ್ತಕರ ಮನೆತನ. 1841ರಲ್ಲಿಯೇ ಅವರ ಪೂರ್ವಜರು ಅಲ್ಲಿ ಆಮದು ವ್ಯಾಪಾರದ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. ವಿಕ್ಟರರ ಅಜ್ಜನವರಿಗೆ ಆಗ ತಾನೇ ಹುಟ್ಟಿ ಬೆಳೆಯುತ್ತಿದ್ದ ಛಾಯಾಗ್ರಹಣ ಕಲೆಯಲ್ಲಿ ಬಹಳ ಆಸಕ್ತಿ. ಅದರಿಂದ ದೊಡ್ಡ ಲಾಭವೇನೂ ಬಾರದೆಂದು ತಿಳಿದಿದ್ದರೂ ಅವರು ಅಂಗಡಿಯಲ್ಲಿ ಛಾಯಾಗ್ರಹಣ ಸಾಮಗ್ರಿಗಳ ವಿಭಾಗವೊಂದನ್ನು ತೆರೆದರು. ಅಮೆರಿಕದ ಜಾರ್ಜ್ ಈಸ್ಟ್‌ಮನ್ ಅವರು ಕೊಡಕ್ ಕ್ಯಾಮರಾವನ್ನು ಹೊರತಂದ 1888ರಿಂದಲೇ ಈಸ್ಟ್‌ಮನ್ ಅವರ ಸರಕುಗಳು ಈ ಮನೆತನದ ಮೂಲಕ ಸ್ವೀಡನ್ನಿಗೆ ಬರತೊಡಗಿದವು. ಲಾಭವಿಲ್ಲದ ಹವ್ಯಾಸವೆಂದು ಆರಂಭವಾದ ವಿಭಾಗವೇ ಮುಂದೆ ಮನೆತನದ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಕ್ಯಾಮರಾ ಆಟದ ಸಾಮಾನಿನಷ್ಟೇ ಪರಿಚಿತವಾಗಿತ್ತು. ಹದಿನೆಂಟರ ಹರೆಯದಲ್ಲಿ ತಂದೆಯವರು ಅವರನ್ನು ವೃತ್ತಿಶಿಕ್ಷಣಕ್ಕಾಗಿ ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಕಳುಹಿಸಿದರು. ಆ ಕಾಲಕ್ಕೆ ಅದು ಕ್ಯಾಮರಾ ಕೈಗಾರಿಕೆಯ ರಾಜಧಾನಿ. ಅನಂತರ ಅಮೆರಿಕದ ರಾಚೆಸ್ಟರ್‌ನಲ್ಲಿ ಈಸ್ಟ್‌ಮನ್ ಅವರ ಕಾರ್ಖಾನೆಯಲ್ಲಿಯೂ ಕೆಲಸ ಕಲಿತರು. ಧನಿಕರ ಮಗನೆಂಬ ಬಿಂಕವಿಲ್ಲದೆ ಕಾರ್ಮಿಕರ ನಡುವೆ ನಿಂತು ಕಲಿತ ಆ ವಿದ್ಯೆ ಮುಂದೆ ಅವರ ಕೈಹಿಡಿಯಿತು.

ಇಷ್ಟಿದ್ದರೂ ಅವರ ಮನಸ್ಸು ನೆಟ್ಟಿದ್ದು ಅಂಗಡಿಯ ಲೆಕ್ಕಪುಸ್ತಕದ ಮೇಲಲ್ಲ, ಹಕ್ಕಿಗಳ ಮೇಲೆ. ಕಡಲತೀರದಲ್ಲಿಯೂ ಜೌಗು ನೆಲಗಳಲ್ಲಿಯೂ ಗಂಟೆಗಟ್ಟಲೆ ಅಡಗಿ ಕುಳಿತು ವಲಸೆ ಹಕ್ಕಿಗಳ ಚಿತ್ರ ತೆಗೆಯುವುದು ಅವರಿಗೆ ತಪಸ್ಸಿನಂತಿತ್ತು. ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ಕ್ಯಾಮರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕುಳಿತದ್ದನ್ನು ಬಲ್ಲ ಕನ್ನಡಿಗರಿಗೆ ಈ ಹುಚ್ಚಿನ ಸ್ವರೂಪವನ್ನು ವಿವರಿಸಬೇಕಾಗಿಲ್ಲ. 1935ರಲ್ಲಿ ವಿಕ್ಟರರು ವಲಸೆ ಹಕ್ಕಿಗಳ ಹಾದಿಯನ್ನು ಕುರಿತು ತಮ್ಮ ಚಿತ್ರಗಳೊಡನೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ಎರ್ನಾ ಎಂಬ ಕನ್ಯೆಯೊಡನೆ ಅವರ ವಿವಾಹವಾಗಿತ್ತು. ಆ ಸಾಧ್ವಿ ಜೀವನದ ಕೊನೆಯವರೆಗೂ ಪತಿಯ ಕೆಲಸದಲ್ಲಿ ಸಹಭಾಗಿನಿಯಾಗಿದ್ದರು.

ಹಕ್ಕಿಗಳ ಸಹವಾಸವೇ ಅವರಿಗೆ ಅಂದಿನ ಕ್ಯಾಮರಾಗಳ ದೋಷವನ್ನು ಕಲಿಸಿತು. ದೊಡ್ಡ ಕ್ಯಾಮರಾಗಳಲ್ಲಿ ಚಿತ್ರ ಸ್ಪಷ್ಟವಾಗಿ ಮೂಡುತ್ತಿತ್ತು. ಆದರೆ ಅವು ಹೊರಲಾರದ ಭಾರ. ಒಂದು ಚಿತ್ರ ತೆಗೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಕ್ಕಿ ಹಾರಿಹೋಗುತ್ತಿತ್ತು. ಸಣ್ಣ ಕ್ಯಾಮರಾಗಳು ಚುರುಕು. ಆದರೆ ಅವುಗಳ ಫಿಲ್ಮಿನ ಅಗಲ ಕಡಿಮೆ. ಕೈಯಲ್ಲಿ ಹಿಡಿಯಬಹುದಾದ, ಲೆನ್ಸನ್ನೂ ಫಿಲ್ಮನ್ನೂ ಬೇಕೆಂದಾಗ ಬದಲಾಯಿಸಬಹುದಾದ, ಆದರೂ ದೊಡ್ಡ ಚಿತ್ರ ಕೊಡುವ ಕ್ಯಾಮರಾವೊಂದು ಬೇಕೆಂಬ ಹಂಬಲ ಅವರಲ್ಲಿ ಅಂದೇ ಬೇರೂರಿತು.

ತಂದೆಯವರೊಡನೆ ವ್ಯವಹಾರದಲ್ಲಿ ಭಿನ್ನಾಭಿಪ್ರಾಯ ಬಂದು ಅವರು ಮನೆತನದ ಸಂಸ್ಥೆಯನ್ನು ತೊರೆದರು. 1937ರಲ್ಲಿ ಅದೇ ಊರಿನಲ್ಲಿ ತಮ್ಮದೇ ಆದ ಛಾಯಾಗ್ರಹಣದ ಅಂಗಡಿಯನ್ನು ತೆರೆದರು.

ಯುದ್ಧಕಾಲದ ಕಾರ್ಯಾಗಾರ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಸ್ವೀಡನ್ ತಟಸ್ಥ ರಾಷ್ಟ್ರವಾದರೂ ನೆರೆಹೊರೆಯೆಲ್ಲ ಉರಿಯುತ್ತಿತ್ತು. 1940ರಲ್ಲಿ ಸ್ವೀಡನ್ನಿನ ವಾಯುಪಡೆಯವರಿಗೆ ಜರ್ಮನ್ ವಿಮಾನವೊಂದರಿಂದ ವೈಮಾನಿಕ ಕ್ಯಾಮರಾವೊಂದು ದೊರೆಯಿತು. ಅಂತಹುದೇ ಒಂದನ್ನು ತಯಾರಿಸಿಕೊಡಲು ಸಾಧ್ಯವೇ ಎಂದು ಅವರು ವಿಕ್ಟರರನ್ನು ವಿಚಾರಿಸಿದರು. ಬರಿಯ ನಕಲು ಮಾಡುವ ಬದಲು ಅದಕ್ಕಿಂತ ಉತ್ತಮವಾದುದನ್ನು ಮಾಡಲು ಅವರು ಒಪ್ಪಿಕೊಂಡರೆಂದು ಪ್ರತೀತಿ.

ಆಗ ಅವರ ಬಳಿ ಕಾರ್ಖಾನೆಯಿರಲಿಲ್ಲ. ಮೋಟಾರು ದುರಸ್ತಿಯ ಸ್ಥಳವೊಂದರ ಪಕ್ಕದ ಶೆಡ್ಡಿನಲ್ಲಿ, ಅಲ್ಲಿಯ ಮೆಕ್ಯಾನಿಕ್ ಒಬ್ಬರ ಸಹಾಯದಿಂದ, ಸಂಜೆಯ ಹೊತ್ತಿನಲ್ಲಿ ಕೆಲಸ ಆರಂಭವಾಯಿತು. ಬೇಕಾದ ಲೋಹಕ್ಕಾಗಿ ಸಮೀಪದ ಗುಜರಿ ಅಂಗಳವನ್ನೇ ಹುಡುಕುತ್ತಿದ್ದರಂತೆ. ಹೀಗೆ ಸಿದ್ಧವಾದ ಕ್ಯಾಮರಾ ವಾಯುಪಡೆಯವರಿಗೆ ಒಪ್ಪಿಗೆಯಾಯಿತು. 1941ರಿಂದ 1945ರ ವರೆಗೆ ಒಟ್ಟು 342 ಕ್ಯಾಮರಾಗಳನ್ನು ಅವರು ತಯಾರಿಸಿ ಒಪ್ಪಿಸಿದರು. ಈ ನಡುವೆ 1942ರಲ್ಲಿ ತಂದೆಯವರು ತೀರಿಕೊಂಡರು. ಮನೆತನದ ಸಂಸ್ಥೆಯೂ ವಿಕ್ಟರರ ಕೈಗೆ ಬಂದಿತು.

ಯುದ್ಧದ ಕೆಲಸ ಅವರಿಗೆ ಗುರಿಯಾಗಿರಲಿಲ್ಲ, ಹಾದಿಯಾಗಿತ್ತು. ನುರಿತ ಕೆಲಸಗಾರರೂ ಯಂತ್ರಗಳೂ ಕೈಗೂಡಿದ ಮೇಲೆ ಅವರು ತಮ್ಮ ಹಳೆಯ ಹಂಬಲಕ್ಕೆ ಮರಳಿದರು. ಹೊಸ ಕ್ಯಾಮರಾದ ಹೊರರೂಪವನ್ನು ರೂಪಿಸಿದವರು ಸಿಕ್ಸ್‌ಟೆನ್ ಸಾಸೋನ್. ಸ್ವೀಡನ್ನಿನ ಸಾಬ್ ಕಾರಿಗೆ ರೂಪ ಕೊಟ್ಟವರೂ ಅವರೇ. 1948ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ನಗರದಲ್ಲಿ 1600ಎಫ್ ಎಂಬ ಕ್ಯಾಮರಾ ಲೋಕಾರ್ಪಣೆಯಾಯಿತು. ಒಂದು ಸೆಕೆಂಡಿನ 1600ನೆಯ ಒಂದು ಭಾಗದಷ್ಟು ವೇಗದಲ್ಲಿ ಅದರ ಶಟರು ತೆರೆದು ಮುಚ್ಚಬಲ್ಲದೆಂಬುದರಿಂದ ಆ ಹೆಸರು.

ಆದರೆ ಆ ವೇಗವೇ ಅದಕ್ಕೆ ಮುಳುವಾಯಿತು. ತೆಳುವಾದ ಲೋಹದ ಪರದೆಯ ಆ ಶಟರು ಬಹು ನಾಜೂಕು, ದೂರುಗಳು ಬಂದವು. ವಿಕ್ಟರರು ದೂರುಗಳನ್ನು ಮುಚ್ಚಿಡಲಿಲ್ಲ, ಕೆಲಸವನ್ನೂ ಕೈಬಿಡಲಿಲ್ಲ. 1952ರಲ್ಲಿ ವೇಗವನ್ನು ಸಾವಿರಕ್ಕೆ ಇಳಿಸಿ ಇನ್ನೊಂದು ಮಾದರಿಯನ್ನು ತಂದರು. 1957ರಲ್ಲಿ ಶಟರನ್ನು ಕ್ಯಾಮರಾದ ಒಡಲಿನಿಂದ ತೆಗೆದು ಲೆನ್ಸಿನೊಳಗೇ ಇರಿಸಿ, ವೇಗವನ್ನು ಐನೂರಕ್ಕೆ ಇಳಿಸಿ, 500ಸಿ ಎಂಬುದನ್ನು ಹೊರತಂದರು. ಸಂಖ್ಯೆ ಇಳಿಯುತ್ತ ಹೋಯಿತು, ನಂಬಿಕೆ ಏರುತ್ತ ಹೋಯಿತು. ಈ ವಂಶದ ಕ್ಯಾಮರಾಗಳು 2013ರ ವರೆಗೂ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ತಯಾರಾಗುತ್ತಿದ್ದವು. ತರಗತಿಯಲ್ಲಿ ಮೊದಲನೆಯವನಾಗಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ನಾನು ಈ ಸಂಗತಿಯನ್ನು ಎಷ್ಟೋ ಬಾರಿ ಹೇಳಿದ್ದೇನೆ.

ಫಿಲ್ಮು ತುಂಬುವ ವಿಧಾನ

ಇಂದಿನ ಮಕ್ಕಳು ಮೊಬೈಲ್ ಫೋನಿನಲ್ಲಿ ದಿನಕ್ಕೆ ನೂರು ಚಿತ್ರ ತೆಗೆಯುವವರು. ಅವರಿಗಾಗಿ ಈ ಕ್ಯಾಮರಾವನ್ನು ಬಳಸುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಈಗ ವೃತ್ತಿಯಿಂದ ಛಾಯಾಗ್ರಾಹಕರು. ಹಿಂದಿನ ವರ್ಷ ಅವರು ಇಂತಹ ಹಳೆಯ ಕ್ಯಾಮರಾವೊಂದನ್ನು ನನ್ನ ಮನೆಗೆ ತಂದು ಕೈಯಲ್ಲಿಟ್ಟು ಕಲಿಸಿಕೊಟ್ಟರು. ಶಿಷ್ಯನೇ ಗುರುವಾದ ಆ ಮಧ್ಯಾಹ್ನವನ್ನು ನಾನು ಮರೆಯಲಾರೆ.

ಕ್ಯಾಮರಾದ ಒಡಲು ಒಂದು ಸಣ್ಣ ಲೋಹದ ಪೆಟ್ಟಿಗೆ. ಮುಂದೆ ಲೆನ್ಸು, ಮೇಲೆ ತಲೆಬಾಗಿಸಿ ನೋಡುವ ಗಾಜು, ಹಿಂದೆ ಫಿಲ್ಮಿನ ಮ್ಯಾಗಜೀನು. ಈ ಮೂರನ್ನೂ ಕಳಚಬಹುದು. ಅದಕ್ಕೆ ಬೇಕಾದ ಫಿಲ್ಮು 120 ಎಂಬ ಸಂಖ್ಯೆಯದು. 1901ರಲ್ಲಿ ಕೊಡಕ್‌ನವರು ಆರಂಭಿಸಿದ ಈ ರೋಲು ಇಂದಿಗೂ ತಯಾರಾಗುತ್ತಿದೆ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಆಗ್ಫಾ ಕ್ಲಿಕ್ ಕ್ಯಾಮರಾಕ್ಕೂ ಇದೇ ರೋಲು. ಬಡವನ ಡಬ್ಬಿಗೂ ಧನಿಕನ ಹ್ಯಾಸೆಲ್‌ಬ್ಲಾಡಿಗೂ ಒಂದೇ ಫಿಲ್ಮು, ಅದೇ ಹನ್ನೆರಡು ಚೌಕ ಚಿತ್ರಗಳು.

ಫಿಲ್ಮನ್ನು ನೆರಳಿನಲ್ಲಿ ತುಂಬಬೇಕು. ಬಿಸಿಲಿದ್ದರೆ ಬೆನ್ನನ್ನಾದರೂ ಸೂರ್ಯನಿಗೆ ತಿರುಗಿಸಿ ನಿಲ್ಲಬೇಕು. ಮ್ಯಾಗಜೀನಿನ ಪಕ್ಕದಲ್ಲಿ ಮಡಿಸಿಟ್ಟ ಕೀಲಿಯನ್ನು ಬಿಡಿಸಿ ತಿರುಗಿಸಿದರೆ ಒಳತಟ್ಟು ಹೊರಬರುತ್ತದೆ. ಹಿಂದಿನ ರೋಲಿನ ಖಾಲಿ ಸುರುಳಿಗಂಬಿಯನ್ನು ಒಂದು ಬದಿಗೂ ಹೊಸ ರೋಲನ್ನು ಇನ್ನೊಂದು ಬದಿಗೂ ಕೂರಿಸಬೇಕು. ರೋಲಿನ ಕಾಗದದ ನಾಲಗೆಯನ್ನು ಎಳೆದು, ಅದುಮು ಹಲಗೆಯ ಮೇಲಿನಿಂದ ಹಿಡಿಪಟ್ಟಿಯ ಅಡಿಗೆ ತೂರಿಸಿ, ಖಾಲಿ ಗಂಬಿಯ ಸೀಳಿಗೆ ಸೇರಿಸಬೇಕು. ಕಾಗದದ ಕಪ್ಪು ಮುಖ ಲೆನ್ಸಿನ ಕಡೆಗಿರಬೇಕೆಂಬುದನ್ನು ಮರೆಯಬಾರದು. ತಲೆಕೆಳಗಾದರೆ ಬೆಳಕು ಕಾಗದಕ್ಕೆ ತಾಗೀತೇ ಹೊರತು ಫಿಲ್ಮಿಗೆ ತಾಗದು. ಹನ್ನೆರಡು ಚಿತ್ರಗಳೂ ಶೂನ್ಯ. ಆಮೇಲೆ ಕಾಗದದ ಮೇಲೆ ಅಚ್ಚಾಗಿರುವ ಬಾಣದ ಗುರುತು ಒಳತಟ್ಟಿನ ಮೇಲಿನ ಗುರುತಿಗೆ ಸರಿಹೊಂದುವವರೆಗೆ ಬಿಗಿಯಾಗಿ ಸುತ್ತಿ, ತಟ್ಟನ್ನು ಒಳಗಿಟ್ಟು ಕೀಲಿಯನ್ನು ತಿರುಗಿಸಬೇಕು. ಇನ್ನೊಂದು ಪಕ್ಕದ ಸಣ್ಣ ಹಿಡಿಯನ್ನು ಅದು ತಾನಾಗಿ ನಿಲ್ಲುವವರೆಗೆ ತಿರುಗಿಸಿದರೆ ಕಿಂಡಿಯಲ್ಲಿ 1 ಎಂಬ ಅಂಕಿ ಕಾಣುತ್ತದೆ. ಒಳತಟ್ಟಿಗೂ ಹೊರಕವಚಕ್ಕೂ ಒಂದೇ ಸಂಖ್ಯೆ ಕೆತ್ತಿರುತ್ತಾರೆ. ಎರಡು ಮ್ಯಾಗಜೀನುಗಳಿದ್ದವರು ಜೋಡಿಯನ್ನು ಅದಲುಬದಲು ಮಾಡಬಾರದು.

ಈ ಕ್ಯಾಮರಾದ ಜಾಣ್ಮೆ ಇರುವುದು ಡಾರ್ಕ್ ಸ್ಲೈಡ್ ಎಂಬ ತೆಳುವಾದ ತಗಡಿನಲ್ಲಿ. ಅದು ಫಿಲ್ಮಿನ ಮುಂದಿನ ಬಾಗಿಲು. ಬಾಗಿಲು ಹಾಕಿರುವಾಗ ಗುಂಡಿಯನ್ನು ಒತ್ತಿದರೆ ಕ್ಯಾಮರಾ ಚಿತ್ರ ತೆಗೆಯಲು ಒಪ್ಪುವುದಿಲ್ಲ. ಬಾಗಿಲು ತೆರೆದಿರುವಾಗ ಮ್ಯಾಗಜೀನನ್ನು ಕಳಚಲು ಹೋದರೆ ಅದು ಬಿಟ್ಟುಕೊಡುವುದಿಲ್ಲ. ಒಂದನ್ನು ಸರಿಯಾಗಿ ಮುಚ್ಚದೆ ಇನ್ನೊಂದು ತೆರೆಯದಂತಹ ದಿಂಡಿಗಲ್ಲಿನ ಬೀಗಗಳ ಕೈಚಳಕವನ್ನು ಕೇಳಿ ಬಲ್ಲ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾದೀತು. ಹೀಗೆ ಅರ್ಧ ಮುಗಿದ ರೋಲನ್ನು ಭದ್ರವಾಗಿ ತೆಗೆದಿಟ್ಟು, ಇನ್ನೊಂದು ಮ್ಯಾಗಜೀನನ್ನು ಹೊಂದಿಸಿ, ಕಪ್ಪು ಬಿಳುಪಿನಿಂದ ಬಣ್ಣಕ್ಕೆ ಹೋಗಿ ಮತ್ತೆ ಮರಳಬಹುದು. ಲೆನ್ಸನ್ನು ಕಳಚುವ ಮೊದಲು ಮಾತ್ರ ಹಿಡಿಯನ್ನು ತಿರುಗಿಸಿ ಶಟರನ್ನು ಸಿದ್ಧಗೊಳಿಸಿರಬೇಕು; ಇಲ್ಲದಿದ್ದರೆ ಯಂತ್ರ ಸಿಕ್ಕಿಕೊಳ್ಳುತ್ತದೆ.

ಮೇಲಿನ ಗಾಜಿನಲ್ಲಿ ಬಿಂಬ ನೆಟ್ಟಗೆ ನಿಂತಿದ್ದರೂ ಎಡಬಲ ಅದಲುಬದಲಾಗಿರುತ್ತದೆ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವವರಿಗೆ ಅದೇನೂ ಹೊಸದಲ್ಲ. ಚಿತ್ರ ತೆಗೆದ ಕ್ಷಣವೇ ಗಾಜು ಕತ್ತಲಾಗುತ್ತದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಮತ್ತೆ ಬೆಳಗುತ್ತದೆ. ಹನ್ನೆರಡೂ ಮುಗಿದ ಮೇಲೆ ಉಳಿದ ಕಾಗದವೆಲ್ಲ ಸುತ್ತಿಕೊಳ್ಳುವವರೆಗೆ ತಿರುಗಿಸಿ, ನೆರಳಿನಲ್ಲಿ ತೆಗೆದು, ತುದಿಯ ಅಂಟುಪಟ್ಟಿಯನ್ನು ತೇವ ಮಾಡಿ ಅಂಟಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಷ್ಟೆಲ್ಲ ಬೀಗಗಳನ್ನಿಟ್ಟ ವಿಕ್ಟರರ ಕ್ಯಾಮರಾ ಕೂಡ, ರೋಲು ಪೂರ್ಣವಾಗಿ ಸುತ್ತುವ ಮೊದಲೇ ಒಳತಟ್ಟನ್ನು ಹೊರಗೆಳೆಯುವ ಅವಸರದ ಕೈಯನ್ನು ತಡೆಯುವುದಿಲ್ಲ. ಯಂತ್ರ ಹಲವು ಮರೆವುಗಳಿಂದ ಕಾಪಾಡೀತು. ಕೊನೆಯ ಬಾಗಿಲಿನ ಕಾವಲು ಮನುಷ್ಯನದೇ.

ಚಂದ್ರಲೋಕದಲ್ಲಿ

500ಸಿ ಬಂದ ಐದು ವರ್ಷಗಳಿಗೆ ಅದರ ಭಾಗ್ಯ ತೆರೆಯಿತು. ಅಮೆರಿಕದ ಗಗನಯಾತ್ರಿ ವಾಲ್ಟರ್ ಶಿರಾ ಅವರು ಹ್ಯೂಸ್ಟನ್ ನಗರದ ಅಂಗಡಿಯೊಂದರಲ್ಲಿ ಈ ಕ್ಯಾಮರಾವನ್ನು ಕೊಂಡರು. ಬೆಳಕು ಪ್ರತಿಫಲಿಸದಂತೆ ಅದಕ್ಕೆ ಕಪ್ಪು ಬಣ್ಣ ಬಳಿಸಿ, 1962ರ ಅಕ್ಟೋಬರ್ 3ರಂದು ತಮ್ಮೊಡನೆ ಬಾಹ್ಯಾಕಾಶಕ್ಕೆ ಕೊಂಡೊಯ್ದು, ಭೂಮಿಯನ್ನು ಆರು ಸುತ್ತು ಸುತ್ತಿ ಬಂದರು. ಅಂದಿನಿಂದ ಅಮೆರಿಕದ ನಾಸಾ ಸಂಸ್ಥೆಗೂ ಗೋಥೆನ್‌ಬರ್ಗಿನ ಕಾರ್ಖಾನೆಗೂ ನಂಟು ಬೆಳೆಯಿತು. 1968ರ ಡಿಸೆಂಬರ್ 24ರಂದು ಅಪೋಲೋ 8 ನೌಕೆಯಿಂದ ವಿಲಿಯಂ ಆ್ಯಂಡರ್ಸ್ ಅವರು ಚಂದ್ರನ ಅಂಚಿನ ಮೇಲೆ ಭೂಮಿ ಉದಯಿಸುವ ಚಿತ್ರವನ್ನು ತೆಗೆದದ್ದೂ ಹ್ಯಾಸೆಲ್‌ಬ್ಲಾಡಿನಿಂದಲೇ. ನಾವೆಲ್ಲ ವಾಸಿಸುವ ಈ ನೆಲ ಕತ್ತಲೆಯಲ್ಲಿ ತೇಲುವ ನೀಲಿ ಗೋಳವೆಂದು ಜನಸಾಮಾನ್ಯರ ಕಣ್ಣಿಗೆ ಕಂಡದ್ದು ಆಗ.

1969ರ ಜುಲೈ ತಿಂಗಳಿನಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟ ವಾರ್ತೆಯನ್ನು ನಾನು ರೇಡಿಯೋದಲ್ಲಿ ಕೇಳಿದ್ದು ಮೆಟ್ರಿಕ್ ಮುಗಿಸಿದ ಹೊಸತರಲ್ಲಿ. ಗಗನಯಾತ್ರಿಯ ಎದೆಯ ಮೇಲೆ ಸ್ವೀಡನ್ನಿನ ಕ್ಯಾಮರಾ ಇತ್ತೆಂಬುದು ಅಂದು ನನಗೆ ತಿಳಿದಿರಲಿಲ್ಲ. ಶಿರಸ್ತ್ರಾಣ ಧರಿಸಿದವರು ಬಗ್ಗಿ ನೋಡಲಾರರಾದ್ದರಿಂದ ಅದಕ್ಕೆ ನೋಡುವ ಗಾಜೇ ಇರಲಿಲ್ಲ. ಎದೆಯನ್ನೇ ಗುರಿಯತ್ತ ತಿರುಗಿಸಬೇಕಿತ್ತು. ದಪ್ಪ ಕೈಗವಸಿನ ಬೆರಳುಗಳಿಗೆ ಸಿಗುವಂತೆ ಹಿಡಿಕೆಗಳನ್ನು ದೊಡ್ಡದು ಮಾಡಿದ್ದರು. 70 ಮಿಲಿಮೀಟರ್ ಅಗಲದ ಉದ್ದನೆಯ ಫಿಲ್ಮನ್ನು ಭೂಮಿಯ ಮೇಲೆಯೇ ಮ್ಯಾಗಜೀನಿನಲ್ಲಿ ತುಂಬಿ ಕಳುಹಿಸಿದ್ದರು. ಕ್ಯಾಮರಾ ಬಹುಪಾಲು ಆರ್ಮ್‌ಸ್ಟ್ರಾಂಗ್ ಅವರ ಬಳಿಯಲ್ಲೇ ಇದ್ದುದರಿಂದ ಅಂದಿನ ಚಿತ್ರಗಳಲ್ಲಿ ನಮಗೆ ಕಾಣುವವರು ಹೆಚ್ಚಾಗಿ ಆಲ್ಡ್ರಿನ್. ಮೊದಲು ಕಾಲಿಟ್ಟವರು ಕಾಣುವುದು ತೀರ ಅಪರೂಪ. ಮರಳುವಾಗ ಭಾರ ಕಡಿಮೆ ಮಾಡಲು ಆ ಕ್ಯಾಮರಾವನ್ನು ಅಲ್ಲಿಯೇ ಬಿಟ್ಟು, ಫಿಲ್ಮಿನ ಮ್ಯಾಗಜೀನನ್ನು ಮಾತ್ರ ತಂದರು. ಪೆಟ್ಟಿಗೆ ಹೋದರೂ ಚಿಂತೆಯಿಲ್ಲ, ಫಿಲ್ಮು ಉಳಿಯಬೇಕು. ಕಳಚಬಲ್ಲ ಮ್ಯಾಗಜೀನಿನ ಮಹತ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಯ ದಿನಗಳು

ಇಷ್ಟು ಕೀರ್ತಿ ಬಂದರೂ ವಿಕ್ಟರರು ಹಕ್ಕಿಗಳನ್ನು ಬಿಡಲಿಲ್ಲ. ತಮ್ಮ ಕ್ಯಾಮರಾವನ್ನು ತಾವೇ ಹೊತ್ತು ಕಡಲತೀರಕ್ಕೆ ಹೋಗುವುದು ಅವರಿಗೆ ಕೊನೆಯವರೆಗೂ ಪ್ರಿಯವಾಗಿತ್ತು. 1976ರಲ್ಲಿ ಸಂಸ್ಥೆಯನ್ನು ಬೇರೆಯವರಿಗೆ ವಹಿಸಿಕೊಟ್ಟರು. 1978ರ ಆಗಸ್ಟ್ 5ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ಇಹಲೋಕವನ್ನು ತ್ಯಜಿಸಿದರು. ದಂಪತಿಗಳಿಗೆ ಸಂತಾನವಿರಲಿಲ್ಲ. ಅವರ ಇಚ್ಛೆಯಂತೆ ಸಂಪತ್ತಿನ ಬಹುಭಾಗದಿಂದ 1979ರಲ್ಲಿ ಎರ್ನಾ ಮತ್ತು ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಪ್ರತಿಷ್ಠಾನ ಸ್ಥಾಪನೆಯಾಯಿತು. 1980ರಿಂದ ಅದು ಜಗತ್ತಿನ ಶ್ರೇಷ್ಠ ಛಾಯಾಗ್ರಾಹಕರಿಗೆ ಪ್ರಶಸ್ತಿ ನೀಡುತ್ತ ಬಂದಿದೆ. 2022ರಲ್ಲಿ ಆ ಪ್ರಶಸ್ತಿ ನಮ್ಮ ಭಾರತದ ದಯಾನಿತಾ ಸಿಂಗ್ ಅವರಿಗೆ ಸಂದದ್ದು ನಮಗೆಲ್ಲ ಹೆಮ್ಮೆಯ ವಿಷಯ.

ನನ್ನದೊಂದು ತಪ್ಪೊಪ್ಪಿಗೆ

ಈ ಸಂಚಿಕೆಯ ಮೊದಲ ಪುಟಗಳಲ್ಲಿ ಶಾಲೆಯ ಎಲ್ಲ ಮುಖ್ಯೋಪಾಧ್ಯಾಯರ ಭಾವಚಿತ್ರಗಳನ್ನು ಓದುಗರು ನೋಡಿರುತ್ತೀರಿ. ಮೊದಲನೆಯ ಸ್ಥಾನ ಖಾಲಿಯಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಿದ್ದ ನಮ್ಮ ಮಕ್ಕಳ ಕೈಗೆ ಬಳಪ ಕೊಟ್ಟು, ತಮ್ಮ ಮನೆಯ ಜಗಲಿಯಲ್ಲಿಯೇ ಕನ್ನಡದ ಅಕ್ಷರ ತಿದ್ದಿಸಿ ಈ ಶಾಲೆಗೆ ಅಡಿಪಾಯ ಹಾಕಿದ ದೊಡ್ಡ ಮೇಷ್ಟ್ರ ಚಿತ್ರ ಅಲ್ಲಿರಬೇಕಿತ್ತು. ಅದಿಲ್ಲದಿರುವುದಕ್ಕೆ ನಾನೇ ಹೊಣೆ.

ದೊಡ್ಡ ಮೇಷ್ಟ್ರು ನಿವೃತ್ತರಾದ ದಿನ ನಾನು ಪರಿಚಿತರಿಂದ ಆಗ್ಫಾ ಕ್ಲಿಕ್ ಕ್ಯಾಮರಾವೊಂದನ್ನು ಕೇಳಿ ತಂದಿದ್ದೆ. ಒಂದೇ ರೋಲು, ಹನ್ನೆರಡೇ ಚಿತ್ರ. ಚಿತ್ರ ತೆಗೆಸಿಕೊಳ್ಳುವುದೆಂದರೆ ಅವರಿಗೆ ಸಂಕೋಚ. ಮೊದಲು ಒಂದೊಂದು ತರಗತಿಯ ಮಕ್ಕಳನ್ನು ತೆಗೆಯಬೇಕೆಂದೂ, ಮಿಕ್ಕಿದರೆ ತಮ್ಮದನ್ನು ನೋಡೋಣವೆಂದೂ ಅವರು ಹೇಳಿದರು. ಹಾಗೆ ಅವರ ಪಾಲಿಗೆ ಬಂದದ್ದು ಹನ್ನೆರಡನೆಯದು. ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕುಳಿತು, ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಂಡು, ಅವರು ನಸುನಕ್ಕರು.

ಗುಂಡಿ ಒತ್ತಿದ ಮೇಲೆ ಉಳಿದ ಕಾಗದವನ್ನು ಸುತ್ತಬೇಕೆಂಬುದು ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ವಿನಯವೂ ಇರಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಮಕ್ಕಳು ಸುತ್ತ ನೆರೆದು ನೋಡುತ್ತಿರುವಾಗ, ಜಂಬದಿಂದ ಹಿಂಬದಿಯನ್ನು ತೆರೆದು ರೋಲನ್ನು ಎಳೆದೆ. ಹೊರಸುತ್ತು ಬಿಚ್ಚಿಕೊಂಡಿತು. ಮೊದಲು ತೆಗೆದ ಚಿತ್ರಗಳು ಸುರುಳಿಯ ಒಳಗಿರುತ್ತವೆ, ಕೊನೆಯದು ಹೊರಗೆ. ದಿಂಡಿಗಲ್ಲಿನ ಸ್ಟುಡಿಯೋದವರು ತೊಳೆದುಕೊಟ್ಟ ಫಿಲ್ಮಿನಲ್ಲಿ ಮಕ್ಕಳ ಚಿತ್ರಗಳು ಅಂಚು ಸುಟ್ಟಿದ್ದರೂ ಉಳಿದಿದ್ದವು. ಹನ್ನೆರಡನೆಯದು ಇದ್ದಿಲಿನಂತೆ ಕಪ್ಪಾಗಿತ್ತು. ಇನ್ನೊಮ್ಮೆ ತೆಗೆದರಾಯಿತೆಂದು ಸಮಾಧಾನ ಮಾಡಿಕೊಂಡೆ. ಮುಂದಿನ ಮಳೆಗಾಲಕ್ಕೆ ಮೊದಲೇ ದೊಡ್ಡ ಮೇಷ್ಟ್ರು ತೀರಿಕೊಂಡರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಕ್ಯಾಮರಾವೇ ಕೆಟ್ಟದ್ದಾಗಿತ್ತೆಂದು ಜನ ತಿಳಿದುಕೊಂಡರು, ನಾನು ತಿದ್ದಲಿಲ್ಲ. ದೂರು ಬಂದಾಗ ಮುಚ್ಚಿಡದೆ ತಮ್ಮ ಕೆಲಸವನ್ನು ತಿದ್ದಿಕೊಂಡ ವಿಕ್ಟರರ ಚರಿತ್ರೆಯನ್ನು ಓದಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಈ ವರ್ಷ ಮಹೋತ್ಸವದ ಆರಂಭದ ದಿನ ಆ ಹಳೆಯ ವಿದ್ಯಾರ್ಥಿ ತಮ್ಮ ಕ್ಯಾಮರಾವನ್ನು ತಂದಿದ್ದರು. ಶಾಲೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ರೋಲನ್ನು ನನ್ನ ಕೈಯಿಂದಲೇ ತುಂಬಿಸಿದರು. ನನ್ನ ಬೆರಳುಗಳು ನಡುಗುತ್ತಿದ್ದವು. ಬಾಣದ ಗುರುತನ್ನು ಎರಡು ಸಲ ನೋಡಿಕೊಂಡೆ. ಈ ಸಲ ಹಿರಿಯರನ್ನು ಮೊದಲು ಕೂರಿಸಿದೆವು. ಮೊದಲ ಚಿತ್ರ, ಮೂವತ್ತು ವರ್ಷ ನಮ್ಮ ಮಕ್ಕಳಿಗೆ ಅನ್ನ ಬಡಿಸಿದ ಅಡುಗೆಯ ಅಜ್ಜಿಯವರದು. ಹನ್ನೆರಡೂ ಚೆನ್ನಾಗಿ ಬಂದಿವೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕಂಬಂ, ಬೋಡಿ, ತೇನಿ, ದಿಂಡಿಗಲ್ ಕಡೆಯ ಕನ್ನಡ ಮನೆತನಗಳಲ್ಲಿಯೂ ನನ್ನದೊಂದು ಸವಿನಯ ಪ್ರಾರ್ಥನೆ. ನಿಮ್ಮ ಮನೆಯ ಮದುವೆಯ ಆಲ್ಬಮ್ಮಿನಲ್ಲಿ, ಗೃಹಪ್ರವೇಶದ ಗುಂಪಿನಲ್ಲಿ, ದೇವರ ಕೋಣೆಯ ಗೋಡೆಯ ಮೇಲೆ, ಎಲ್ಲಿಯಾದರೂ ಒಂದು ಮೂಲೆಯಲ್ಲಿ ದೊಡ್ಡ ಮೇಷ್ಟ್ರು ನಿಂತಿರಬಹುದು. ಮುಖ ಸಾಸಿವೆಯಷ್ಟು ಚಿಕ್ಕದಾಗಿದ್ದರೂ ಸಾಲದೆನ್ನುವುದಿಲ್ಲ. ದೊಡ್ಡದು ಮಾಡುವ ವಿದ್ಯೆ ಈಗ ಎಲ್ಲೆಡೆ ಇದೆ. ದಯವಿಟ್ಟು ಹುಡುಕಿ, ಶಾಲೆಗೆ ತಿಳಿಸಿ. ಮೊದಲ ಪುಟದ ಆ ಸ್ಥಳವನ್ನು ನಾವು ಖಾಲಿಯಾಗಿಯೇ ಇಟ್ಟಿದ್ದೇವೆ.